ಪಾಸ್ಟರ್ ಆಗಲು ನನಗೆ ಹತ್ತು ವರ್ಷ ಹಿಡಿಯಿತು

ಹೋದ ಮಂಗಳವಾರ ಕೊನೆಯ ಕಾಗದ ಕೈಗೆ ಬಂತು. ಕ್ರೈಸ್ತ ಮದುವೆ ನಡೆಸಿಕೊಡಲು ಸರ್ಕಾರದಿಂದ ಸಿಗುವ ಲೈಸೆನ್ಸ್ ಅದು. ದೇವರ ಸೇವೆಗೆ ಹೋಗಬೇಕು ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು 2015ರಲ್ಲಿ. ಈ ಹತ್ತು ವರ್ಷದಲ್ಲಿ ಯಾರನ್ನು ಕೇಳಬೇಕು, ಯಾವ ಕಾಗದ ಮೊದಲು ಮಾಡಿಸಬೇಕು ಅಂತ ತಿಳಿಯದೆ ತುಂಬಾ ಅಲೆದೆ. ನಮ್ಮ ಕಡೆಯ ಮೂವರು ಹುಡುಗರು, ಒಬ್ಬ ಹುಡುಗಿ ಈಗ ಇದೇ ದಾರಿಗೆ ಬರಬೇಕು ಅಂತ ಕೇಳುತ್ತಿದ್ದಾರೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾನು ಕೆಜಿಎಫ್‌ನವನು. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಗಣಿ ಕೆಲಸಗಾರ, ಮನೆಮಾತು ತಮಿಳು. ಅಮ್ಮ ಬಂಗಾರಪೇಟೆ ಕಡೆಯ ಹಳ್ಳಿಯವರು, ಅವರದು ಕನ್ನಡ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದಾಗ ನನಗೆ ಹತ್ತು ವರ್ಷ. ಗಣಿ ಮುಚ್ಚಿದರೂ ಅದರ ಧೂಳು ಅಪ್ಪನ ಎದೆಯಲ್ಲಿ ಉಳಿದುಬಿಟ್ಟಿತ್ತು. ಬಿ.ಕಾಂ. ಮುಗಿಸಿ ನಾನೂ ಊರಿನ ಸಾವಿರಾರು ಜನರ ಹಾಗೆ ಕತ್ತಲಲ್ಲೇ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದೆ. ರಾತ್ರಿ ಮನೆಗೆ ಬಂದರೆ ಅಪ್ಪನ ಕೆಮ್ಮು ಕೇಳುತ್ತಿತ್ತು.

ಅಪ್ಪನ ಕೊನೆಯ ವರ್ಷ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಪಾಸ್ಟರ್ ಅಯ್ಯ ಪ್ರತಿ ಗುರುವಾರ ಮನೆಗೆ ಬರುತ್ತಿದ್ದರು. ಪ್ರಸಂಗ, ಅಂದರೆ ಉಪದೇಶ, ಮಾಡುತ್ತಿರಲಿಲ್ಲ. ಅಪ್ಪನ ಪಕ್ಕ ಕೂತು ಅವರ ಉಗುರು ಕತ್ತರಿಸುತ್ತಿದ್ದರು. ಆಮೇಲೆ ಬೈಬಲಿನ 130ನೇ ಕೀರ್ತನೆ ಓದುತ್ತಿದ್ದರು, ಆಳದಿಂದ ದೇವರನ್ನು ಕೂಗುವ ಕೀರ್ತನೆ. ಭೂಮಿಯ ಕೆಳಗೆ ಮೂರು ಕಿಲೋಮೀಟರ್‌ವರೆಗೆ ಹೋದ ಗಣಿ ಅಪ್ಪನದು. ಅಪ್ಪ ಒಂದು ಸಲ ಉಸಿರು ಕೂಡಿಸಿಕೊಂಡು ಹೇಳಿದರು: "ಇದನ್ನ ಬರೆದವನು ಶಾಫ್ಟ್ ಇಳಿದಿದ್ದಾನೆ ನೋಡು." 2014ರಲ್ಲಿ ಅಪ್ಪ ತೀರಿಕೊಂಡರು. ಆ ಉಗುರು ಕತ್ತರಿಸುವ ಕೆಲಸ ನನ್ನ ತಲೆಯಲ್ಲಿ ಉಳಿಯಿತು. ನನಗೂ ಅದೇ ಕೆಲಸ ಬೇಕು ಅನ್ನಿಸಿತು.

ಮರುವರ್ಷ ಅಯ್ಯನವರಿಗೆ ಹೇಳಿದೆ. ತಬ್ಬಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು: "ನಿನಗೆ ಕರೆ ಬಂದಿದೆ ಅಂತ ನೀನು ಹೇಳ್ತೀಯ. ಸಭೆ ಏನು ಹೇಳುತ್ತೆ?"

ಇದು ನನಗೆ ಆಗ ಅರ್ಥ ಆಗಲಿಲ್ಲ. ನಮ್ಮದು ಲೂಥರನ್ ಸಭೆ, ಜರ್ಮನಿಯ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ತೋರಿಸಿದ ದಾರಿಯದು. ಲೂಥರನ್ ಸಭೆಗಳ ನಂಬಿಕೆಯ ಮೂಲ ದಾಖಲೆ 1530ರ ಆಗ್ಸ್‌ಬರ್ಗ್ ಅರಿಕೆ. ಅದರ 14ನೇ ಕಲಮು ತುಂಬಾ ಚಿಕ್ಕದು. ಕ್ರಮವಾಗಿ ಕರೆಯಲ್ಪಡದೆ ಯಾರೂ ಸಭೆಯಲ್ಲಿ ಬೋಧಿಸಬಾರದು, ದೀಕ್ಷಾಸ್ನಾನ, ಕರ್ತನ ಭೋಜನ ಅನ್ನುವ ಸಂಸ್ಕಾರಗಳನ್ನು ನಡೆಸಬಾರದು ಅನ್ನುತ್ತದೆ. ಅಂದರೆ ಮನಸ್ಸಿನೊಳಗಿನ ಕರೆ ಒಂದು, ಸಭೆಯ ಬಾಯಿಂದ ಬರುವ ಕರೆ ಇನ್ನೊಂದು. ಎರಡೂ ಸೇರಬೇಕು. ಈ ದಾರಿಯಲ್ಲಿ ಕಾಯುವ ಕಾಲವೆಲ್ಲ ಆ ಎರಡನೆಯ ಕರೆಗಾಗಿ ಕಾಯುವುದೇ. ಇದು ಮೊದಲೇ ಗೊತ್ತಿದ್ದಿದ್ದರೆ ನಾನು ಅಷ್ಟು ರಾತ್ರಿ ಅಳುತ್ತಿರಲಿಲ್ಲ.

ಅಯ್ಯನವರು ಒಂದು ವರ್ಷ ಕೆಲಸ ಕೊಟ್ಟರು. ಭಾನುವಾರ ಶಾಲೆ ನಡೆಸುವುದು, ಕಾಯಿಲೆಯವರ ಮೂರು ಮನೆಗೆ ವಾರವಾರ ಹೋಗುವುದು, ಆರಾಧನೆಗೆ ಮುಂಚೆ ಬೆಂಚು ಒರೆಸುವುದು. ಹೋಗಿಬಂದ ಮನೆಗಳ ಬಗ್ಗೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು ಅಂದರು. ನೀವೂ ಬರೆದಿಡಿ. ಮುಂದೆ ಸಭೆಯ ಆಯ್ಕೆ ಸಮಿತಿಯ ಸಂದರ್ಶನದಲ್ಲಿ ನನ್ನನ್ನು ಕಾಪಾಡಿದ್ದು ಆ ನೋಟ್‌ಬುಕ್.

ಮನೆಯಲ್ಲಿ ಅಮ್ಮ ಒಪ್ಪಲಿಲ್ಲ. ಆಗ ನನಗೆ ತಿಂಗಳಿಗೆ 31,000 ಸಂಬಳ. ತಂಗಿಯ ಮದುವೆ ಇನ್ನೂ ಆಗಿರಲಿಲ್ಲ. ನಾನು ಲೂಥರ್‌ನ ಕಥೆ ಹೇಳಿ ಒಪ್ಪಿಸಲು ನೋಡಿದೆ. ಅವನ ತಂದೆ ಹಾನ್ಸ್ ಕೂಡ ಗಣಿ ಕಸುಬಿನವನೇ, ಜರ್ಮನಿಯ ಮಾನ್ಸ್‌ಫೆಲ್ಡ್‌ನಲ್ಲಿ ತಾಮ್ರದ ಕೆಲಸ. ಮಗ ವಕೀಲನಾಗಲಿ ಅಂತ ಓದಿಸುತ್ತಿದ್ದ. 1505ರಲ್ಲಿ ದಾರಿಯಲ್ಲಿ ಸಿಡಿಲಿಗೆ ಹೆದರಿ ಲೂಥರ್ ಕೂಗಿದ್ದು ಗಣಿ ಕಾರ್ಮಿಕರ ರಕ್ಷಕಿ ಸಂತ ಅನ್ನಳ ಹೆಸರನ್ನು. ಸನ್ಯಾಸಿ ಆಗುತ್ತೇನೆ ಅಂತ ಹರಕೆ ಹೊತ್ತ. ತಂದೆಗೆ ಸಿಟ್ಟು ಬಂತು. ಅಮ್ಮ ಎಲ್ಲ ಕೇಳಿ, "ಅವರಪ್ಪನ ಸಿಟ್ಟು ನನಗೆ ಅರ್ಥ ಆಗುತ್ತೆ" ಅಂದರು.

ಎರಡು ತಿಂಗಳು ಆ ಮಾತು ಎತ್ತಲಿಲ್ಲ. ಒಂದು ಸಂಜೆ ಅವರೇ ಕೇಳಿದರು: "ಕರೆ ಕರೆ ಅಂತೀಯಲ್ಲ, ನಮ್ಮೂರಲ್ಲಿ ಹಸು ಕರೆಯೋದಕ್ಕೂ ಕರೆಯೋದು ಅಂತಾನೇ ಅಂತಾರೆ. ಹಬ್ಬ ಇರಲಿ, ಜ್ವರ ಇರಲಿ, ದಿನಾ ಎರಡು ಹೊತ್ತು ಕರೀಲೇಬೇಕು. ಒಂದು ದಿನ ಬಿಟ್ಟರೆ ಕೆಚ್ಚಲು ಬಾತುಕೊಳ್ಳುತ್ತೆ. ಅಷ್ಟು ವರ್ಷ ಮಾಡ್ತೀಯಾ?" ಮಾಡ್ತೀನಿ ಅಂದೆ. ಅಷ್ಟೇ. ಮುಂದೆ ಸೆಮಿನರಿಯ, ಅಂದರೆ ಪಾಸ್ಟರ್ ಆಗಲು ಓದುವ ಕಾಲೇಜಿನ, ನಾಲ್ಕು ವರ್ಷದಲ್ಲಿ ಕರೆ ಅನ್ನುವ ಪದಕ್ಕೆ ಇಷ್ಟು ಒಳ್ಳೆಯ ಅರ್ಥ ನನಗೆ ಯಾರೂ ಹೇಳಿಕೊಡಲಿಲ್ಲ.

ಇನ್ನು ಕಾಗದಗಳ ವಿಷಯ. ನಿಧಾನವಾಗಿ ಓದಿ.

ಸೆಮಿನರಿಗೆ ಸುಮ್ನೆ ಅರ್ಜಿ ಹಾಕಿದರೆ ಆಗುವುದಿಲ್ಲ. ಸಭೆಯ ಶಿಫಾರಸು ಬೇಕು. ಶಿಫಾರಸಿಗೆ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪ್ರಮಾಣಪತ್ರ, ದೊಡ್ಡವನಾದ ಮೇಲೆ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ದೃಢೀಕರಣದ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಅಂಕಪಟ್ಟಿ, ವೈದ್ಯಕೀಯ ಪ್ರಮಾಣಪತ್ರ, ಇಬ್ಬರು ಹಿರಿಯರ ಪತ್ರ, ಇಷ್ಟನ್ನೂ ಕೇಳಿದರು. 2016ರಲ್ಲಿ ಹಾಕಿದ ನನ್ನ ಮೊದಲ ಅರ್ಜಿ ವಾಪಸ್ ಬಂತು. ಕಾರಣ ನನ್ನ ಹೆಸರು. ದೀಕ್ಷಾಸ್ನಾನದ ರಿಜಿಸ್ಟರ್‌ನಲ್ಲಿ ಬೈಬಲಿನ ಹೆಸರು ಮಾತ್ರ ಇದೆ, ತಮಿಳಿನಲ್ಲಿ ಬರೆದದ್ದು. ಶಾಲೆಯಲ್ಲಿ ಅದರ ಜೊತೆ 'ಕುಮಾರ್' ಸೇರಿಸಿದ್ದರು. ಆಧಾರ್‌ನಲ್ಲಿ ಅಪ್ಪನ ಹೆಸರು ಕೊನೆಗೆ ಅಂಟಿಕೊಂಡಿತ್ತು. ಹುಟ್ಟಿದ ತಾರೀಕಿನಲ್ಲೂ ಎರಡು ದಿನದ ವ್ಯತ್ಯಾಸ. ಕಾಗದದ ಪ್ರಕಾರ ನಾನು ಮೂರು ಜನ.

ಹಳೆಯ ರಿಜಿಸ್ಟರ್ ಹುಡುಕಿಸಲು ಏಳು ಶನಿವಾರ ಹೋಯಿತು. ಮಳೆ ನೀರು ಬಿದ್ದು ಪುಟಗಳು ಒಂದಕ್ಕೊಂದು ಅಂಟಿದ್ದವು. ಸಭೆಯ ಕಾರ್ಯದರ್ಶಿ ಒಂದೊಂದನ್ನೇ ಬ್ಲೇಡಿನ ತುದಿಯಿಂದ ಬಿಡಿಸಿದರು. ನನ್ನ ಹೆಸರಿನ ಸಾಲು ಸಿಕ್ಕಿತು. ಅದರ ಪಕ್ಕ ಸಾಕ್ಷಿಯಾಗಿ ಅಪ್ಪನ ಸಹಿ ಇತ್ತು, ಹೊಸದಾಗಿ ಬರೆಯಲು ಕಲಿತವರ ಹಾಗೆ ದಪ್ಪ ಅಕ್ಷರದಲ್ಲಿ. ಅಲ್ಲೇ ಕೂತುಬಿಟ್ಟೆ.

ಆಮೇಲೆ ಮೂರೂ ಹೆಸರಿನವನು ಒಬ್ಬನೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿದೆ. ಸ್ಟಾಂಪ್ ಪೇಪರ್, ಟೈಪಿಂಗ್ ಎಲ್ಲ ಸೇರಿ 450 ರೂಪಾಯಿ. ಒಂದಲ್ಲ, ಮೂರು ಮೂಲ ಪ್ರತಿ ಮಾಡಿಸಿ. ನಾನು ಒಂದೇ ಮಾಡಿಸಿ, ಅದನ್ನು ಕೊಟ್ಟುಬಿಟ್ಟು, ಪರೀಕ್ಷೆಯ ಫಾರ್ಮ್ ತುಂಬುವಾಗ ಮತ್ತೆ ಮೊದಲಿಂದ ಓಡಾಡಿದೆ. ಆಧಾರ್ ತಿದ್ದುಪಡಿಯನ್ನು ಅಫಿಡವಿಟ್‌ಗಿಂತ ಮೊದಲೇ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ವೈದ್ಯಕೀಯ ಪರೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ಇತ್ತು. ಅಪ್ಪನ ಎಕ್ಸ್‌ರೇಗಳನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಓಡಾಡಿದವನು ನಾನು. ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿಯುವಾಗ ಕೈ ನಡುಗಿತು. ಏನೂ ಇರಲಿಲ್ಲ.

ಮರುವರ್ಷ ಸಮಿತಿಯ ಸಂದರ್ಶನ. ಒಂಬತ್ತು ಜನ ಕೂತಿದ್ದರು. ನಾನು ದೇವಶಾಸ್ತ್ರದ ದೊಡ್ಡ ಪ್ರಶ್ನೆಗಳಿಗೆ ಓದಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಲೂಥರ್ 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರದಿಂದ. ಅದರಲ್ಲಿ ಪ್ರತಿ ಆಜ್ಞೆ ಆದ ಮೇಲೂ 'ಇದರ ಅರ್ಥವೇನು' ಅಂತ ಬರುತ್ತದೆ. ಏಳನೇ ಆಜ್ಞೆ, ಕದಿಯಬಾರದು ಅನ್ನುವುದು. ಇದರ ಅರ್ಥವೇನು? ಕದಿಯದಿದ್ದರೆ ಸಾಲದು, ನೆರೆಯವನ ಆಸ್ತಿಯೂ ಜೀವನವೂ ಉಳಿಯುವಂತೆ ಸಹಾಯ ಮಾಡಬೇಕು ಅಂತ ಉತ್ತರ. ಅದನ್ನು ಹೇಳಿದೆ. "ನಿಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಇದರ ಅರ್ಥವೇನು?" ಅಂತ ಒಬ್ಬ ಹಿರಿಯರು ಕೇಳಿದರು. ಚೀಲದಿಂದ ನೋಟ್‌ಬುಕ್ ತೆಗೆದೆ. ಪಿಂಚಣಿ ನಿಂತುಹೋದ ವಿಧವೆಯರ ಮನೆಗಳ ಬಗ್ಗೆ ಬರೆದಿದ್ದನ್ನು ಓದಿದೆ. ಆಮೇಲೆ ಬೇರೆ ಪ್ರಶ್ನೆ ಬರಲಿಲ್ಲ. ಪ್ರವೇಶ ಪರೀಕ್ಷೆ ಬರೆಯಲು ಶಿಫಾರಸು ಸಿಕ್ಕಿತು.

ಚೆನ್ನೈನ ಕಿಲ್ಪಾಕ್‌ನಲ್ಲಿರುವ ಗುರುಕುಲ ಲೂಥರನ್ ಕಾಲೇಜಿಗೆ 2017ರ ಜೂನ್‌ನಲ್ಲಿ ಸೇರಿದೆ. ಡಿಗ್ರಿ ಆದವರಿಗೆ ಬಿ.ಡಿ., ಅಂದರೆ ದೇವಶಾಸ್ತ್ರದ ಪದವಿ, ನಾಲ್ಕು ವರ್ಷ. ಪದವಿ ಕೊಡುವುದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಫೀಸಿನ ಒಂದು ಪಾಲನ್ನು ಸಭೆ ಕೊಟ್ಟಿತು. ಉಳಿದದ್ದಕ್ಕೆ ನನ್ನ ಪಿಎಫ್ ತೆಗೆದೆ, 1,62,000 ಬಂತು. ಅದರಲ್ಲೇ ನಾಲ್ಕು ವರ್ಷದ ಪುಸ್ತಕ, ಮೆಸ್, ರೈಲು ಎಲ್ಲ. ಆಗ ಕೆಲಸ ಬಿಟ್ಟ ಮೇಲೆ ಪಿಎಫ್ ತೆಗೆಯಲು ಎರಡು ತಿಂಗಳು ಕಾಯಬೇಕಾಗಿತ್ತು. ಹಾಗೆ ಕಾಯುವ ಕಾಲಕ್ಕೆ ಬೇರೆ ಹಣ ಇಟ್ಟುಕೊಳ್ಳಿ. ನಾನು ಇಟ್ಟುಕೊಂಡಿರಲಿಲ್ಲ. ತಂಗಿ ಕೊಟ್ಟಳು.

ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕ್ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ದಿನಾ ಹತ್ತು ಪದ ಕಲಿತರೆ ಬರುತ್ತದೆ. ನನಗೆ ಜಾಸ್ತಿ ಕಷ್ಟ ಆದದ್ದು ನನ್ನದೇ ಭಾಷೆ. ಪಾಠ ಇಂಗ್ಲಿಷಿನಲ್ಲಿ, ಗೆಳೆಯರ ಮಾತು ತಮಿಳು ತೆಲುಗಿನಲ್ಲಿ. ನಾನು ಪ್ರಾರ್ಥನೆ ಮಾಡುವುದು ಅಮ್ಮನ ಕನ್ನಡದಲ್ಲಿ. ಒಂದು ವರ್ಷ ಕಳೆಯುವಷ್ಟರಲ್ಲಿ ಕನ್ನಡದಲ್ಲಿ ಪ್ರಸಂಗ ಮಾಡು ಅಂದರೆ ಪದಗಳೇ ಬರುತ್ತಿರಲಿಲ್ಲ. ಕಿಟ್ಟೆಲ್ ನಿಘಂಟು ಹಿಡಿದು ಕೂರಲು ಶುರು ಮಾಡಿದೆ. 1894ರಲ್ಲಿ ಬಂದ ಆ ನಿಘಂಟಿನ ಕಿಟ್ಟೆಲ್ ಕೂಡ ಜರ್ಮನಿಯ ಒಬ್ಬ ಪಾಸ್ಟರ್‌ನ ಮಗ. ಬಾಸೆಲ್ ಮಿಷನ್ ಕಳಿಸಿದವರು. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿಸಿದವರು. ಅಷ್ಟು ದೂರದಿಂದ ಬಂದವರು ಕಲಿತ ಭಾಷೆಯನ್ನು ನಾನು ಮರೆಯುತ್ತಿದ್ದೇನಲ್ಲ ಅಂತ ನಾಚಿಕೆ ಆಯಿತು. ರಾತ್ರಿ ಹತ್ತರ ಮೇಲೆ ಅರ್ಧ ಗಂಟೆ ಕನ್ನಡ ಸತ್ಯವೇದವನ್ನು ಗಟ್ಟಿಯಾಗಿ ಓದುವ ಅಭ್ಯಾಸ ಆಗಿನಿಂದ ಬಂತು. ಕನ್ನಡದಲ್ಲಿ ಸೇವೆ ಮಾಡಬೇಕು ಅನ್ನುವವರು ಇದನ್ನು ಮೊದಲ ದಿನದಿಂದ ಮಾಡಿ.

ಎರಡನೇ ವರ್ಷ ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ ಹೋಗಿದ್ದೆವು. ಡೆನ್ಮಾರ್ಕಿನ ರಾಜ ಕಳಿಸಿದ ಲೂಥರನ್ ಮಿಷನರಿ ಜೀಗನ್‌ಬಾಲ್ಗ್ 1706ರ ಜುಲೈನಲ್ಲಿ ಹಡಗಿನಿಂದ ಇಳಿದ ಊರು. ಅಲ್ಲಿನ ಡೇನಿಷ್ ಅಧಿಕಾರಿಯೇ ಅವನನ್ನು ನಾಲ್ಕು ತಿಂಗಳು ಜೈಲಿಗೆ ಹಾಕಿದ್ದ. 1718ರಲ್ಲಿ ಅವನು ಕಟ್ಟಿಸಿದ ಚರ್ಚಿನೊಳಗೇ ಅವನ ಸಮಾಧಿ ಇದೆ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಆರೋನ್ ಅನ್ನುವ ತಮಿಳಿನವರ ಹೆಸರು. ಆ ಮಿಷನ್‌ನಲ್ಲಿ ಪಾಸ್ಟರ್ ದೀಕ್ಷೆ ಪಡೆದ ಮೊದಲ ಭಾರತೀಯ ಅವರು, 1733ರಲ್ಲಿ. ಹಡಗು ಬಂದು ಇಪ್ಪತ್ತೇಳು ವರ್ಷ ಆದ ಮೇಲೆ. ಅವರು ಎಷ್ಟು ವರ್ಷ ಉಪದೇಶಿಯಾಗಿ ಊರೂರು ಸುತ್ತಿ ಕಾದಿರಬೇಕು! ಮುಂದೆ ನನ್ನ ಕಾಯುವಿಕೆ ತಡೆಯಲಾರದೆ ಹೋದಾಗೆಲ್ಲ ಆ ಲೆಕ್ಕ ನೆನಪು ಮಾಡಿಕೊಂಡೆ.

ಶನಿವಾರಗಳಲ್ಲಿ ಒಂದು ಸರ್ಕಾರಿ ಆಸ್ಪತ್ರೆಯ ವಾರ್ಡಿಗೆ ನಮ್ಮನ್ನು ಕಳಿಸುತ್ತಿದ್ದರು. ಮೊದಲ ದಿನ ಒಬ್ಬ ಅಜ್ಜಿಯ ಮಂಚದ ಪಕ್ಕ ನಿಂತು ಏನು ಹೇಳಬೇಕೋ ತಿಳಿಯದೆ ಉದ್ದನೆಯ ಪ್ರಾರ್ಥನೆ ಮಾಡಿದೆ. ಮುಗಿದ ಮೇಲೆ ಅವರು, "ತಮ್ಮಾ, ಆ ನೀರಿನ ಬಾಟಲಿ ಕೈಗೆ ಎಟುಕಲ್ಲ, ಸ್ವಲ್ಪ ಈ ಕಡೆ ಇಡ್ತೀಯಾ" ಅಂದರು. ಅವತ್ತಿನಿಂದ ಮೊದಲು ಮಂಚದ ಸುತ್ತ ನೋಡುತ್ತೇನೆ. ಪ್ರಾರ್ಥನೆ ಆಮೇಲೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಹಾಸ್ಟೆಲ್ ಖಾಲಿ ಆಯಿತು. ಕೊನೆಯ ವರ್ಷದ ಬಹುಪಾಲು ಕೆಜಿಎಫ್‌ನ ಮನೆಯ ಹಿತ್ತಿಲಲ್ಲಿ ಮೊಬೈಲ್ ಹಿಡಿದು ಮುಗಿಸಿದೆ. ಗಣಿಯ ತ್ಯಾಜ್ಯ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬಂದರೆ ಪುಸ್ತಕದ ಮೇಲೆಲ್ಲ ಧೂಳು. ಮಣ್ಣು ಮಾಡಲು ಜನ ಸಿಗದ ಕಡೆ ಹೋಗಿ ಹೆಗಲು ಕೊಟ್ಟೆ. ಅದರ ಬಗ್ಗೆ ಜಾಸ್ತಿ ಬರೆಯಲು ಇನ್ನೂ ಆಗುತ್ತಿಲ್ಲ.

ಓದು ಮುಗಿದರೆ ಪಾಸ್ಟರ್ ಆದೆ ಅಂತ ಊರಿನವರು ತಿಳಿದುಕೊಳ್ಳುತ್ತಾರೆ. ಹಾಗಲ್ಲ. 2021ರಿಂದ ನನ್ನನ್ನು ತರಬೇತಿಗೆ ಹಾಕಿದರು. ಎರಡು ವರ್ಷ ಅಂದಿದ್ದು ಮೂರಕ್ಕಿಂತ ಜಾಸ್ತಿ ಆಯಿತು. ಆ ಕಾಲದಲ್ಲಿ ಪ್ರಸಂಗ ಮಾಡಬಹುದು, ಮನೆಗಳಿಗೆ ಹೋಗಬಹುದು. ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನ ನಡೆಸುವ ಹಾಗಿಲ್ಲ. ಸಾಯುವ ಹಾಸಿಗೆಯಲ್ಲಿ ಇದ್ದವರು ಕೇಳಿದರೂ ಇಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ಹೋಗಿ ದೀಕ್ಷೆ ಆದ ಪಾಸ್ಟರ್‌ರನ್ನು ಕರೆದು ತರಬೇಕು. ಒಂದು ಸಲ ನಾವು ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಅವತ್ತು ಕ್ರಮ ಅನ್ನುವ ಪದದ ಮೇಲೆಯೇ ನನಗೆ ಸಿಟ್ಟು ಬಂದಿತ್ತು. ಹಿರಿಯ ಪಾಸ್ಟರ್ ಮನೆಯವರ ಜೊತೆ ರಾತ್ರಿಯೆಲ್ಲ ಕೂತರು, ನಾನೂ ಕೂತೆ.

ಈ ನಡುವೆ ಒಂದು ಕಚೇರಿಯಲ್ಲಿ ನನ್ನ ಫೈಲೇ ಕಾಣೆಯಾಯಿತು. ಹನ್ನೊಂದು ತಿಂಗಳು 'ಮುಂದಿನ ಮೀಟಿಂಗ್' ಅಂತಲೇ ಉತ್ತರ. ಕೊನೆಗೆ ಪ್ರತಿ ಕಾಗದದ ಜೆರಾಕ್ಸ್ ಇಟ್ಟುಕೊಂಡಿದ್ದರಿಂದ ಹೊಸ ಫೈಲ್ ಮಾಡಿ ಕೊಟ್ಟೆ. ಏನೇ ಕೊಟ್ಟರೂ ಎರಡನೇ ಪ್ರತಿಯ ಮೇಲೆ ತಾರೀಕು ಹಾಕಿಸಿ ಸೀಲ್ ಹೊಡೆಸಿಕೊಳ್ಳಿ. ನಮ್ಮವರ ಹತ್ತಿರ ಸೀಲ್ ಕೇಳುವುದು ಹೇಗೆ ಅಂತ ಮುಜುಗರ ಆಗುತ್ತದೆ, ಆದರೂ ಕೇಳಿ.

ಇನ್ನೊಂದು ವಿಷಯ ಗೊತ್ತಿರಲಿ. ಸುಮ್ನೆ ಓದಿ ಪಾಸಾಗಿದ್ದಕ್ಕೆ ನಮ್ಮಲ್ಲಿ ದೀಕ್ಷೆ ಕೊಡುವುದಿಲ್ಲ. ಇವನು ನಮಗೆ ಬೇಕು ಅಂತ ಒಂದು ಸಭೆ ಕೇಳಬೇಕು. ಮುಳಬಾಗಿಲು ಕಡೆಯ ಒಂದು ಚಿಕ್ಕ ಸಭೆ ನನ್ನನ್ನು ಕೇಳಿತು. ನಲವತ್ತೆರಡು ಕುಟುಂಬ, ಜಾಸ್ತಿ ಜನ ಕೂಲಿ ಕೆಲಸದವರು. ಅವರ ಪತ್ರ ಬಂದದ್ದು ರೂಲ್ಡ್ ಹಾಳೆಯಲ್ಲಿ, ಕನ್ನಡದಲ್ಲಿ. ಕೆಳಗೆ ಸಹಿಗಳು, ಆರು ಹೆಬ್ಬೆಟ್ಟುಗಳು. ಅಯ್ಯನವರು ಒಂಬತ್ತು ವರ್ಷದ ಹಿಂದೆ ಕೇಳಿದ್ದರಲ್ಲ, ಸಭೆ ಏನು ಹೇಳುತ್ತೆ ಅಂತ. ಆ ಹಾಳೆಯನ್ನು ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿದೆ. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೆಬ್ಬೆಟ್ಟುಗಳ ಮೇಲೆ ಬೆರಳಾಡಿಸಿದರು.

ದೀಕ್ಷೆ 2024ರ ನವೆಂಬರ್‌ನಲ್ಲಿ ಆಯಿತು. ಬಿಳಿ ನಿಲುವಂಗಿ ಹೊಲಿಸಲು 2,800, ಹೆಗಲ ಮೇಲೆ ಇಳಿಬಿಡುವ ಕೆಂಪು ಸ್ಟೋಲ್‌ಗೆ 1,500. ಸ್ಟೋಲ್ ದುಡ್ಡನ್ನು ಅಮ್ಮ ಕೊಟ್ಟರು. ಸತ್ಯವೇದಕ್ಕೂ ಸಭೆಯ ಅರಿಕೆಗಳಿಗೂ ತಕ್ಕಂತೆ ಬೋಧಿಸುತ್ತೇನೆ ಅಂತ ಪ್ರಮಾಣ ಮಾಡಿ ಮೊಣಕಾಲೂರಿದೆ. ಪಾಸ್ಟರ್‌ಗಳೆಲ್ಲ ತಲೆಯ ಮೇಲೆ ಕೈ ಇಟ್ಟರು. ಅಷ್ಟು ಕೈಗಳ ಭಾರ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ. ಕುತ್ತಿಗೆ ಬಾಗಿಹೋಯಿತು. ಭಾರ ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದೆ.

ಮೂರನೇ ದಿನಕ್ಕೆ ಮೊದಲ ಸಾವು. ಇಟ್ಟಿಗೆ ಗೂಡಿನ ಕೆಲಸಗಾರ, ನಲವತ್ತರ ಆಸುಪಾಸು. ಪ್ರಾರ್ಥನೆ ಪುಸ್ತಕದಲ್ಲಿ ಎಲ್ಲ ಇದೆ. ಗುಂಡಿಯ ಹತ್ತಿರ ಅವರ ಚಿಕ್ಕ ಮಗಳು ನನ್ನ ನಿಲುವಂಗಿ ಹಿಡಿದು ನಿಂತಳು, ಅದು ಮಾತ್ರ ಪುಸ್ತಕದಲ್ಲಿರಲಿಲ್ಲ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಅವಳ ಕೈ ಹಿಡಿದು 130ನೇ ಕೀರ್ತನೆ ಓದಿದೆ.

ಮಣ್ಣು ಮಾಡಲು ನನಗೆ ಯಾವ ಲೈಸೆನ್ಸೂ ಬೇಕಾಗಲಿಲ್ಲ. ಮದುವೆಗೆ ಬೇಕು. ಇದು ನನಗೆ ಗೊತ್ತಾದದ್ದೇ ದೀಕ್ಷೆ ಆದ ಮೇಲೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಬಿಷಪ್‌ರಿಂದ ದೀಕ್ಷೆ ಪಡೆದವರಿಗೆ ಬೇರೆ ಲೈಸೆನ್ಸ್ ಬೇಡ. ನಮ್ಮ ಸಭೆಯಲ್ಲಿ ಬಿಷಪ್ ಇಲ್ಲ, ಅಧ್ಯಕ್ಷರು ಇರುತ್ತಾರೆ. ಅಂಥ ಪಾಸ್ಟರ್‌ಗಳು ರಾಜ್ಯ ಸರ್ಕಾರದಿಂದ ಲೈಸೆನ್ಸ್ ಪಡೆಯಬೇಕು. ದೀಕ್ಷೆಯ ಪ್ರಮಾಣಪತ್ರ, ಸಭೆಯ ನೇಮಕಾತಿ ಪತ್ರ, ವಿಳಾಸದ ದಾಖಲೆ, ಫೋಟೋ ಕೊಟ್ಟೆ. ಪೊಲೀಸ್ ವಿಚಾರಣೆಯೂ ಆಯಿತು. ದೀಕ್ಷೆಯ ಪ್ರಮಾಣಪತ್ರದಲ್ಲಿ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ ಅಂತ ಮುಂಚೆಯೇ ಹೇಳಿ ಬರೆಸಿದ್ದೆ, ಆ ಒಂದು ಎಚ್ಚರ ಕೆಲಸಕ್ಕೆ ಬಂತು. ಓದುವವರೇ, ದೀಕ್ಷೆಯ ಮರುದಿನವೇ ಅರ್ಜಿ ಹಾಕಿ. ನಾನು ತಡ ಮಾಡಿದ್ದರಿಂದ ಎರಡು ಮದುವೆಗೆ ಬೇರೆ ಪಾಸ್ಟರ್ ಬಂದರು. ನಾನು ಬೆಂಚಿನಲ್ಲಿ ಕೂತೆ.

ಈಗ ಸಂಬಳ ತಿಂಗಳಿಗೆ 14,000, ಜೊತೆಗೆ ಎರಡು ಕೋಣೆಯ ಮನೆ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಸಾಲುವುದಿಲ್ಲ. ಮದುವೆ ಆಗುವವರು ಈ ಲೆಕ್ಕವನ್ನು ಸಂಗಾತಿಯ ಮುಂದೆ ಮೊದಲೇ ಇಡಿ. ಕಾಗದಪತ್ರಕ್ಕೆ ಅಂತಲೇ ಹತ್ತು ವರ್ಷದಲ್ಲಿ ಸುಮಾರು 11,000 ಆಗಿದೆ, ಓಡಾಟ ಬಿಟ್ಟು.

ಶನಿವಾರ ಬೆಳಿಗ್ಗೆ ಚರ್ಚ್ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಯಾವ ಜಾತಿಯವರು, ಯಾವ ಧರ್ಮದವರು ಅಂತ ಕೇಳುವುದಿಲ್ಲ. ವಿಧವಾ ವೇತನ, ಸಂಧ್ಯಾ ಸುರಕ್ಷಾ, ಆಧಾರ್ ತಿದ್ದುಪಡಿ, ಯಾವ ಅರ್ಜಿ ಇದ್ದರೂ ಬರೆದುಕೊಟ್ಟು, ಬೇಕಾದರೆ ನಾಡಕಚೇರಿಗೂ ಜೊತೆಗೆ ಹೋಗುತ್ತೇನೆ. ಹೋದ ವಾರ ಬಂದ ಒಬ್ಬ ಅಜ್ಜಿಯ ಹೆಸರು ಮೂರು ಕಾಗದದಲ್ಲಿ ಮೂರು ಥರ ಇತ್ತು. ಕೆಲಸ ಶುರು ಮಾಡಿದ್ದೇವೆ.

ಲೈಸೆನ್ಸ್ ಬಂದ ಸುದ್ದಿ ಕೇಳಿ ಅವತ್ತೇ ಸಂಜೆ ಒಂದು ಮನೆಯವರು ಬಂದರು. ಮುಂದಿನ ತಿಂಗಳು ಅವರ ಮಗಳ ಮದುವೆ, ನಾನು ನಡೆಸಿಕೊಡುವ ಮೊದಲನೆಯದು. ಹುಡುಗನ ದೀಕ್ಷಾಸ್ನಾನದ ಪತ್ರ ಈ ಭಾನುವಾರವೇ ತರಲು ಹೇಳಿದ್ದೇನೆ. ಕಾಯ್ದೆಯ ಪ್ರಕಾರ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮದುವೆ ನಡೆಯಬೇಕು. ಹುಡುಗಿಯ ತಂದೆ ಗಾರೆ ಕೆಲಸದವರು, ದಿನದ ಕೂಲಿ ತಪ್ಪಿಸಲು ಇಷ್ಟವಿಲ್ಲ. "ಕೆಲಸ ಬಿಟ್ಟು ಐದೂವರೆಗೆ ಬಂದರೆ ಆಗುತ್ತಾ ಅಯ್ಯಾ?" ಅಂತ ಕೇಳಿದರು. ಆಗುತ್ತೆ, ಬಾಗಿಲಲ್ಲೇ ಕಾಯ್ತಾ ಇರ್ತೀನಿ ಅಂದೆ.